ಅಗ್ನಿಶಿಖೆ: ಕಾಡಿನಂಚಿನ ಬಳ್ಳಿ

ಅಗ್ನಿಶಿಖೆ ಮಳೆಗಾಲದಲ್ಲಷ್ಟೇ ನೆಲದ ಮೇಲೆ ಕಾಣಿಸಿಕೊಂಡು, ವರ್ಷದ ಉಳಿದ ಕಾಲವನ್ನೆಲ್ಲ ಗೆಡ್ಡೆಯಾಗಿ ಮಣ್ಣೊಳಗೆ ಕಳೆಯುವ ಹಂಬು. ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಮಲೆನಾಡಿನಲ್ಲಿ ಇದು ಗೌರಿ ಹೂ ಎಂದೇ ಪರಿಚಿತ. ಅಕ್ಕತಂಗಿ ಬಳ್ಳಿ, ಕೋಳಿಕುಟುಮ, ಕರಡಿಕಣ್ಣಿನ ಗೆಡ್ಡೆ, ಶಿವರಕ್ತ ಬಳ್ಳಿ ಎಂಬ ಹೆಸರುಗಳೂ ಕನ್ನಡ ನಾಡಿನ ಬೇರೆ ಬೇರೆ ಕಡೆ ಬಳಕೆಯಲ್ಲಿವೆ. ಮರಾಠಿಯಲ್ಲಿ ಕಳಲಾವಿ, ಹಿಂದಿಯಲ್ಲಿ ಕಲಿಹಾರಿ, ಗುಜರಾತಿಯಲ್ಲಿ ದೂಧಿಯೋ ವಛನಾಗ್. ಸಸ್ಯಶಾಸ್ತ್ರದ ಗ್ಲೋರಿಯೋಸಾ ಸುಪರ್ಬಾ ಎಂಬ ಹೆಸರು 1753ರಲ್ಲಿ ಲಿನೇಯಸ್ ಇಟ್ಟದ್ದು. ಅದಕ್ಕೂ ಮೊದಲೇ, 1688ರಲ್ಲಿ ಅಚ್ಚಾದ ಹೊರ್ಟಸ್ ಮಲಬಾರಿಕಸ್ ಗ್ರಂಥದ 7ನೇ ಸಂಪುಟದಲ್ಲಿ, ಮೆಂದೋಣಿ ಎಂಬ ಮಲಬಾರಿನ ಹೆಸರಿನಡಿ ಈ ಬಳ್ಳಿಯ ಚಿತ್ರ ಬಂದಿತ್ತು. ಹಿಂದೆ ಲಿಲ್ಲಿಗಳ ಕುಟುಂಬಕ್ಕೆ ಸೇರಿಸಲಾಗಿದ್ದ ಇದನ್ನು ಈಗ ಕೊಲ್ಚಿಕೇಸಿ ಎಂಬ ಬೇರೆ ಕುಟುಂಬದಲ್ಲಿ ಇಡುತ್ತಾರೆ. ಉಷ್ಣವಲಯದ ಆಫ್ರಿಕ, ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಗಳಲ್ಲಿ ಇದು ಸಹಜವಾಗಿ ಬೆಳೆಯುತ್ತದೆ. ತಮಿಳುನಾಡಿನ ರಾಜ್ಯಪುಷ್ಪವೂ ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ. ಇಷ್ಟು ಗೌರವ ಪಡೆದ ಹೂವನ್ನು ಕಾಡಿನ ಹೂವೆಂದು ಒಂದು ಪಟ್ಟಿಗೂ ಔಷಧಿ ಬೆಳೆಯೆಂದು ಇನ್ನೊಂದು ಪಟ್ಟಿಗೂ ಸೇರಿಸಿ ಸುಮ್ಮನಾಗುವುದು ರೂಢಿ. ಅದರ ನಿಜವಾದ ನೆಲೆ ಕಾಡು ಮತ್ತು ಹೊಲದ ನಡುವಿನ ಅಂಚು, ಅಂದರೆ ಜೀವಂತ ಬೇಲಿ. ಆ ಅಂಚನ್ನು ಉಳಿಸದೆ ಈ ಬಳ್ಳಿಯನ್ನು ಉಳಿಸಲಾಗದು, ಮತ್ತು ಊರಿನ ಕೈತೋಟವೂ ಬೇಲಿಯ ಗುಣವನ್ನು ಪಡೆದಾಗಲೇ ಈ ಹೂವಿಗೆ ತಕ್ಕ ಜಾಗವಾಗುತ್ತದೆ ಎಂಬುದು ಈ ಲೇಖನದ ವಾದ.

ಈ ವಾದವನ್ನು ಪರೀಕ್ಷಿಸಲು ಸೂರತ್ ಸುತ್ತಲಿನ ಸೀಮೆ ಬಹಳ ಅನುಕೂಲವಾದದ್ದು. ಸಹ್ಯಾದ್ರಿ ಸಾಲು ಉತ್ತರದಲ್ಲಿ ತಾಪಿ ನದಿಯ ಕಣಿವೆಗೆ ಬಂದು ನಿಲ್ಲುತ್ತದೆ. ಆ ತಾಪಿಯ ದಡದಲ್ಲೇ ಸೂರತ್ ಇದೆ. ವಜ್ರ ಸಾಣೆ ಹಿಡಿಯುವ ಕಾರ್ಖಾನೆಗಳು ಒತ್ತೊತ್ತಾಗಿ ನಿಂತ ವರಾಛಾ ಅದರ ಪೂರ್ವ ಭಾಗ. ಅಲ್ಲಿಂದ ಆಗ್ನೇಯಕ್ಕೆ ಡಾಂಗ್ ಜಿಲ್ಲೆಯ ತೇಗ ಮತ್ತು ಬಿದಿರಿನ ಎಲೆಯುದುರುವ ಕಾಡುಗಳಿವೆ. ಮಳೆ ಹಿಡಿದ ಮೇಲೆ ಆ ಕಾಡಿನ ಅಂಚುಗಳಲ್ಲಿ ಅರಳುವ ಹೂವೇ ಶಿರಸಿ, ಸಾಗರ, ತೀರ್ಥಹಳ್ಳಿಗಳ ಬೇಲಿಗಳಲ್ಲಿ ಅರಳುವುದು. ಬ್ರಿಟಿಷರ ಕಾಲದಲ್ಲಿ ಸೂರತ್ ಮತ್ತು ಉತ್ತರ ಕನ್ನಡ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹಾಗಾಗಿ 1901ರಿಂದ 1908ರವರೆಗೆ ಕಂತುಗಳಲ್ಲಿ ಪ್ರಕಟವಾದ ಥಿಯೋಡೋರ್ ಕುಕ್‌ನ ಮುಂಬಯಿ ಪ್ರಾಂತ್ಯದ ಸಸ್ಯಕೋಶ ಈ ಎರಡು ಸೀಮೆಗಳ ಗಿಡಮರಗಳನ್ನು ಒಂದೇ ಹೊತ್ತಗೆಯಲ್ಲಿ ವರ್ಣಿಸುತ್ತದೆ. ಗುಜರಾತಿಗೆ ಪ್ರತ್ಯೇಕ ಸಸ್ಯಕೋಶ ಬಂದದ್ದು 1978ರಲ್ಲಿ, ಜಿ. ಎಲ್. ಶಾಹ್ ಅವರಿಂದ, ಹಾಸನ ಜಿಲ್ಲೆಯ ಸಸ್ಯಕೋಶವನ್ನು ಸಲ್ಡಾನ ಮತ್ತು ನಿಕೋಲ್ಸನ್ 1976ರಲ್ಲಿ ತಂದಿದ್ದರು. ರಾಜ್ಯಗಳು ಬೇರೆಯಾದಂತೆ ಪುಸ್ತಕಗಳೂ ಬೇರೆಯಾದವು. ಬಳ್ಳಿಯ ಮಟ್ಟಿಗೆ ಸಹ್ಯಾದ್ರಿ ಇಂದಿಗೂ ಒಂದೇ, ಅದರ ಬಡಗಣ ತುದಿಯಲ್ಲಿ ಆಗುತ್ತಿರುವುದು ಕನ್ನಡ ಓದುಗರಿಗೂ ಸಂಬಂಧಪಟ್ಟ ಸಂಗತಿ.

ಬಳ್ಳಿಯ ಜೀವನಚಕ್ರವನ್ನು ನೋಡಿದರೆ ಅದಕ್ಕೆ ಅಂಚೇ ಏಕೆ ಬೇಕೆಂಬುದು ತಿಳಿಯುತ್ತದೆ. ಗೆಡ್ಡೆ ನೇಗಿಲಿನಂತೆ ಬಾಗಿದ್ದು ಎರಡು ತೋಳುಗಳನ್ನು ಹೊಂದಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಎನ್ನುವುದು ಇದರಿಂದಲೇ. ಮೊಳಕೆ ಬರುವುದು ತೋಳಿನ ತುದಿಯಲ್ಲಿ ಮಾತ್ರ, ಆ ತುದಿ ಮುರಿದರೆ ತೋಳು ವ್ಯರ್ಥ. ಜೂನ್ ತಿಂಗಳ ಮಳೆಗೆ ಕಾಂಡ ಮೇಲೇಳುತ್ತದೆ, ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ ಕಡ್ಡಿಯನ್ನು ಸುತ್ತಿಕೊಳ್ಳುತ್ತದೆ, ಜುಲೈಯಿಂದ ಸೆಪ್ಟೆಂಬರ್ ಅಕ್ಟೋಬರ್‌ವರೆಗೆ ಹೂವು. ಅಷ್ಟರಲ್ಲಿ ಹಳೆಯ ಗೆಡ್ಡೆ ಬತ್ತಿ, ಹೊಸದು ಕೂಡಿಕೊಂಡಿರುತ್ತದೆ. ಕಾಯಿ ಒಣಗಿ ಮೂರಾಗಿ ಸೀಳಿ ಕೆಂಪು ಬೀಜಗಳನ್ನು ತೋರಿದ ಮೇಲೆ ಮೇಲಿನದೆಲ್ಲ ಒಣಗಿಹೋಗುತ್ತದೆ. ದಟ್ಟ ನೆರಳಿನಲ್ಲಿ ಇಷ್ಟು ಕಡಿಮೆ ಅವಧಿಯಲ್ಲಿ ಗೆಡ್ಡೆ ತುಂಬಿಕೊಳ್ಳುವಷ್ಟು ಬಿಸಿಲು ದೊರೆಯುವುದಿಲ್ಲ. ಬಯಲಿನಲ್ಲಿ ಬಿಸಿಲಿದ್ದರೂ ಎಲೆಸುರುಳಿಗೆ ಆಸರೆ ಇರುವುದಿಲ್ಲ. ಆದ್ದರಿಂದ ಅದು ಪೊದೆಗೆ ಒರಗಿ ಬೆಳಕಿಗೆ ತಲೆ ಹಾಕುತ್ತದೆ. ಇನ್ನೊಂದು ಅಗತ್ಯ ಒಣ ವಿಶ್ರಾಂತಿ. ನೀರು ನಿಲ್ಲುವ ನೆಲದಲ್ಲಿ ಗೆಡ್ಡೆ ಕೊಳೆಯುತ್ತದೆ. ಚಳಿಗಾಲ ಬೇಸಗೆಗಳಲ್ಲಿ ನೆಲ ಒಣಗಿರಲೇಬೇಕು. ಬದುವಿನ ಮೇಲಿನ ಬೇಲಿ ಈ ಮೂರನ್ನೂ ಒಟ್ಟಿಗೆ ಕೊಡುತ್ತದೆ: ಅರೆ ಬಿಸಿಲು, ಹತ್ತಲು ಪೊದೆ, ನೀರು ಬಸಿದುಹೋಗುವ ಎತ್ತರ. ಮುಳ್ಳಿನ ರಕ್ಷಣೆ ಹೆಚ್ಚುವರಿ ಲಾಭ, ಏಕೆಂದರೆ ಬೇಲಿಯ ಬುಡಕ್ಕೆ ನೇಗಿಲು ಹೋಗುವುದಿಲ್ಲ.

ಹೂವಿನ ರಚನೆ ಇದಕ್ಕಿಂತ ಬಲವಾದ ಸಾಕ್ಷಿ. ಹೂವು ತಲೆ ಕೆಳಗಾಗಿ ತೂಗುತ್ತದೆ. ಅಂಚು ಅಲೆಯಲೆಯಾದ ಆರು ದಳಗಳು ಹಿಂದಕ್ಕೆ ಮಡಚಿ ಮೇಲ್ಮುಖವಾಗಿ ನಿಲ್ಲುತ್ತವೆ. ಮೊದಲು ಹಸಿರು ಹಳದಿ, ಬಳಿಕ ತುದಿಯಿಂದ ಕೆಂಪೇರಿ ಕೊನೆಗೆ ಪೂರ್ತಿ ಕಡುಗೆಂಪು. ಆರು ಕೇಸರಗಳು ಚಕ್ರದ ಅರಗಳಂತೆ ಸುತ್ತಲೂ ಚಾಚಿಕೊಂಡಿರುತ್ತವೆ. ವಿಚಿತ್ರವೆನಿಸುವುದು ಶಲಾಕೆ: ಅಂಡಾಶಯದಿಂದ ಹೊರಟ ಕೂಡಲೇ ಲಂಬಕೋನದಲ್ಲಿ ಬಾಗಿ ಪಕ್ಕಕ್ಕೆ ಸರಿದು, ಪರಾಗಕೋಶಗಳಿಂದ ದೂರ ಉಳಿಯುತ್ತದೆ. ತನ್ನ ಪರಾಗ ತನಗೇ ತಗಲುವುದು ಕಷ್ಟವಾಗುವಂತೆ ಮಾಡಿದ ಏರ್ಪಾಡು ಇದು. ಹಾಗಾದರೆ ಪರಾಗವನ್ನು ಒಯ್ಯುವವರು ಯಾರು? ದಕ್ಷಿಣ ಆಫ್ರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಸೊಗಸಾದ ಉತ್ತರ ಕೊಟ್ಟಿದೆ. ಮಕರಂದಕ್ಕೆ ಬಂದ ದೊಡ್ಡ ಚಿಟ್ಟೆಗಳು ತೂಗುವ ಹೂವಿನ ಕೆಳಗೆ ರೆಕ್ಕೆ ಬಡಿಯುತ್ತಿರುವಾಗ ಪರಾಗ ಅವುಗಳ ರೆಕ್ಕೆಗೇ ಅಂಟುತ್ತದೆ. ಮುಂದಿನ ಹೂವಿನ ಬಾಗಿದ ಶಲಾಕಾಗ್ರಕ್ಕೆ ಅದೇ ರೆಕ್ಕೆ ತಾಕುತ್ತದೆ. ಹೂವನ್ನು ಮೇಲ್ಮುಖವಾಗಿ ತಿರುಗಿಸಿ ನೋಡಿದಾಗ ಈ ಪರಾಗಸ್ಪರ್ಶ ಕುಗ್ಗಿತು. ಅಲ್ಲಿನ ಚಿಟ್ಟೆಗಳಲ್ಲಿ ಒಂದು ನಮ್ಮ ನಿಂಬೆ ಚಿಟ್ಟೆಯ ಹತ್ತಿರದ ನೆಂಟ. ನಮ್ಮಲ್ಲಿ ಚಿಟ್ಟೆಗಳ ಜೊತೆಗೆ ಸೂರಕ್ಕಿಗಳೂ ಈ ಹೂವಿಗೆ ಬರುತ್ತವೆ. ಹೂವಿನ ಆಕಾರವೇ ದೊಡ್ಡ ರೆಕ್ಕೆಯ ಚಿಟ್ಟೆಯನ್ನು ನಂಬಿಕೊಂಡಿದೆ. ಆ ಚಿಟ್ಟೆಗೆ ಮೊಟ್ಟೆಯಿಡಲು ಬೇರೆ ಗಿಡ ಬೇಕು, ಹಾರಾಡಲು ತೆರವು ಬೇಕು. ನಾನಾ ಗಿಡಗಳ ಬೇಲಿ ಇವೆರಡನ್ನೂ ಕೊಡುತ್ತದೆ. ಈ ಬಳ್ಳಿಯ ಎಲೆಯನ್ನೇ ಉಂಡು ಬೆಳೆಯುವ ಜೀವಿಯೂ ಒಂದಿದೆ. ಪಾಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಕಪ್ಪು ಬಿಳಿ ಕೆಂಪು ಬಣ್ಣದ ಹುಳು ಈ ವಿಷದ ಎಲೆಯನ್ನು ನಿರಾತಂಕವಾಗಿ ಮೇಯುತ್ತದೆ. ಹುಳು ಬಿದ್ದ ಬಳ್ಳಿ ಬೋಳಾಗಬಹುದು, ಆದರೂ ಗೆಡ್ಡೆ ಗಟ್ಟಿಯಾಗಿದ್ದರೆ ಮರುವರ್ಷ ಚಿಗುರುತ್ತದೆ.

ಅಂಚಿನಿಂದ ಬೇರ್ಪಡಿಸಿದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಹೊಲಗಳೇ ಉತ್ತರ. ದಿಂಡಿಗಲ್, ಕರೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕಣ್ವಲಿ ಕಿಳಂಗು ಎಂಬ ಹೆಸರಿನಲ್ಲಿ ಇದನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಬೀಜದಲ್ಲಿ ಮತ್ತು ಗೆಡ್ಡೆಯಲ್ಲಿ ಇರುವ ಕೊಲ್ಚಿಸಿನ್ ಎಂಬ ಕ್ಷಾರಾಭಕ್ಕೆ ಜಗತ್ತಿನ ಔಷಧಿ ಮಾರುಕಟ್ಟೆಯಲ್ಲಿ ಬೇಡಿಕೆಯಿದೆ. ಜೀವಕೋಶ ವಿಭಜನೆಗೆ ಬೇಕಾದ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ತಡೆಯುವುದು ಅದರ ಗುಣ. ಕೀಲುಗಳ ಗೌಟ್ ಬಾಧೆಗೆ ಅದು ಹಳೆಯ ಮದ್ದು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಡಿಮೆ ಪ್ರಮಾಣದಲ್ಲಿ ಹೃದ್ರೋಗಿಗಳಿಗೂ ಕೊಡಲು ಒಪ್ಪಿತು. ವರ್ಣತಂತುಗಳನ್ನು ಇಮ್ಮಡಿಗೊಳಿಸಲು ಇದನ್ನು ಬಳಸಬಹುದೆಂದು 1937ರಲ್ಲಿ ತಿಳಿದ ಮೇಲೆ ಸಸ್ಯತಳಿ ವಿಜ್ಞಾನಕ್ಕೂ ಅಗತ್ಯವಾಯಿತು, ಬೀಜವಿಲ್ಲದ ಕಲ್ಲಂಗಡಿಯ ಹಿಂದೆ ಇರುವುದು ಇದೇ. ಆದರೆ ಆ ಹೊಲಗಳಲ್ಲಿ ಕಾಯಿ ಕಟ್ಟಿಸಲು ಕೂಲಿಯವರು ಬೆಳಗ್ಗೆ ಬೆಳಗ್ಗೆ ಸಾಲಿನುದ್ದಕ್ಕೂ ನಡೆದು, ಒಂದು ಹೂವಿನ ಪರಾಗವನ್ನು ಇನ್ನೊಂದರ ಶಲಾಕಾಗ್ರಕ್ಕೆ ಕೈಯಾರೆ ಹಚ್ಚಬೇಕು. ಸಾವಿರಾರು ಹೂಗಳು ಒಂದೆಡೆ ಅರಳಿದರೂ ಅಷ್ಟು ಚಿಟ್ಟೆ ಬರುವುದಿಲ್ಲ. ಬೇಲಿಯಲ್ಲಿ ಪುಕ್ಕಟೆ ನಡೆಯುವ ಕೆಲಸಕ್ಕೆ ಹೊಲದಲ್ಲಿ ಕೂಲಿ ಕೊಡಬೇಕಾಗಿದೆ. ಬೇಸಾಯ ಬಂದುದರಿಂದ ಕಾಡಿನ ಬಳ್ಳಿ ಉಳಿಯಿತು ಎಂಬ ಮಾತೂ ಅರ್ಧ ಸತ್ಯ. ಬೀಜದಿಂದ ಬಂದ ಸಸಿ ಹೂ ಬಿಡಲು ಮೂರ್ನಾಲ್ಕು ವರ್ಷ ಬೇಕಾದ್ದರಿಂದ ಬೆಳೆಗಾರರು ಗೆಡ್ಡೆಯನ್ನೇ ನೆಡುತ್ತಾರೆ, ಮತ್ತು ಆ ಗೆಡ್ಡೆಗಳು ಮೊದಲು ಬಂದದ್ದು ಕಾಡು ಬೇಲಿಗಳಿಂದಲೇ.

ದಕ್ಷಿಣ ಗುಜರಾತಿನಲ್ಲಿ ಅಂಚುಗಳ ಸ್ಥಿತಿ ಹೇಗಿದೆ? ಗುಜರಾತಿನ ಹಳ್ಳಿಗಳಲ್ಲಿ ಹೊಲಕ್ಕೆ ಥೋರ್, ಅಂದರೆ ಕಳ್ಳಿಯ ವಾಡ್ ಕಟ್ಟುವುದು ಹಳೆಯ ಪದ್ಧತಿ. ನಮ್ಮ ಬಯಲುಸೀಮೆಯ ಕಳ್ಳಿ ಬೇಲಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ತಾಪಿಗೆ ಕಾಕ್ರಾಪಾರ್ ಬಳಿ ಒಡ್ಡು ಹಾಕಿ, ಮುಂದೆ 1972ರಲ್ಲಿ ಉಕಾಯಿ ಅಣೆಕಟ್ಟು ಮುಗಿದ ಮೇಲೆ, ಸೂರತ್ ಬಾರ್ಡೋಲಿ ಸೀಮೆ ಕಾಲುವೆ ನೀರಿನ ಕಬ್ಬಿನ ನಾಡಾಯಿತು. ರೈತರ ಬದುಕಿಗೆ ಅದರಿಂದಾದ ಅನುಕೂಲ ದೊಡ್ಡದು. ಆದರೆ ವರ್ಷವಿಡೀ ಒದ್ದೆಯಾಗಿರುವ ನೆಲ ಒಣ ವಿಶ್ರಾಂತಿ ಬಯಸುವ ಗೆಡ್ಡೆಗೆ ಒಗ್ಗುವಂಥದ್ದಲ್ಲ, ಮತ್ತು ನೀರಾವರಿಯ ನೆಲಕ್ಕೆ ಬೆಲೆ ಬಂದಲ್ಲಿ ಅಗಲವಾದ ಬೇಲಿಗಿಂತ ತಂತಿಯೇ ಲಾಭವೆನಿಸುತ್ತದೆ. ಉಳಿದಿರುವುದು ಡಾಂಗ್‌ನ ಕಡೆ. ಅಲ್ಲಿಂದ ಮರ ಸಾಗಿಸಲು ಬರೋಡಾದ ಗಾಯಕವಾಡರ ಸಂಸ್ಥಾನ 1913ರಲ್ಲಿ ಬಿಲಿಮೋರಾದಿಂದ ವಘಾಯಿಗೆ 63 ಕಿ.ಮೀ. ಉದ್ದದ ಸಣ್ಣ ರೈಲುಹಾದಿ ಹಾಕಿತು. ಒಂದು ಕಾಲದಲ್ಲಿ ಮರದ ಲೆಕ್ಕದಲ್ಲೇ ಅಳೆಯುತ್ತಿದ್ದ ಆ ಕಾಡಿಗೆ ಈಗ ರಕ್ಷಣೆಯೂ ಇದೆ. 1979ರಲ್ಲಿ ಸುಮಾರು 24 ಚದರ ಕಿ.ಮೀ.ಯ ವಾಂಸದಾ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು, ಪೂರ್ಣಾ ಅಭಯಾರಣ್ಯ ಆಮೇಲೆ ಬಂತು. ಆದರೂ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಕರ್ನಾಟಕದವು 10 ಇದ್ದರೆ ಗುಜರಾತಿನದು ಒಂದೂ ಇಲ್ಲ. ಕೇಂದ್ರ ಸರ್ಕಾರದ 2024ರ ಕರಡು ಅಧಿಸೂಚನೆ ಪರಿಸರ ಸೂಕ್ಷ್ಮವೆಂದು ಗುರುತಿಸಿದ 56,825 ಚದರ ಕಿ.ಮೀ.ಯಲ್ಲಿ ಕರ್ನಾಟಕದ ಪಾಲು 20,668, ಗುಜರಾತಿನದು 449. ಕಾಡಿನ ನಡುವನ್ನು ಕಾಯಲು ಇಂಥ ಗಡಿಗಳು ಬೇಕೇ ಬೇಕು. ಆದರೆ ಅಂಚಿನಲ್ಲಿ ಬಾಳುವ ಬಳ್ಳಿ ಆ ಗಡಿರೇಖೆಯ ಮೇಲೋ ಹೊರಗೋ ಇರುವುದೇ ಹೆಚ್ಚು. ಅಲ್ಲಿ ನಿರ್ಧಾರ ಮಾಡುವವರು ಬೇಲಿ ಕಡಿಯುವ ರೈತ, ರಸ್ತೆ ಅಗಲ ಮಾಡುವ ಗುತ್ತಿಗೆದಾರ, ಗೆಡ್ಡೆ ಕೊಳ್ಳುವ ವ್ಯಾಪಾರಿ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ, ಈ ಬಳ್ಳಿಗೆ ಅಪಾಯವೇ ಇಲ್ಲ ಎಂಬುದು. ಎರಡು ಖಂಡಗಳಲ್ಲಿ ಹಬ್ಬಿದ ಇದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಕಡಿಮೆ ಆತಂಕದ ವರ್ಗದಲ್ಲಿದೆ; ಆಸ್ಟ್ರೇಲಿಯದ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಂತೂ ತೋಟದಿಂದ ತಪ್ಪಿಸಿಕೊಂಡು ಉಪದ್ರವದ ಕಳೆಯಾಗಿದೆ. ಈ ಸಂಗತಿಗಳು ನಿಜ. ಆದರೆ ಜಗತ್ತಿನ ಲೆಕ್ಕ ಒಂದು ಜಿಲ್ಲೆಯ ಲೆಕ್ಕವಲ್ಲ. ತಾಪಿಯ ದಡದ ಬೇಲಿಯಲ್ಲಿ ಬಳ್ಳಿ ಇಲ್ಲವಾದರೆ ಜಿಂಬಾಬ್ವೆಯಲ್ಲಿ ಹೇರಳವಾಗಿದೆ ಎಂಬುದರಿಂದ ಇಲ್ಲಿನ ಪತಂಗದ ಹುಳುವಿಗೆ ಎಲೆ ಸಿಗುವುದಿಲ್ಲ. ಆಸ್ಟ್ರೇಲಿಯದ ಉದಾಹರಣೆಯೂ ಅಂಚಿನ ವಾದಕ್ಕೇ ಪೂರಕ. ಅಲ್ಲಿ ನೀರು ಬಸಿಯುವ ಮರಳು, ಬಿಸಿಲು ಮತ್ತು ಕುರುಚಲು ಪೊದೆ ಒಟ್ಟಿಗೆ ಸಿಕ್ಕಿವೆ. ತಕ್ಕ ನೆಲೆ ಸಿಕ್ಕಿದಲ್ಲಿ ಹಬ್ಬುವುದು, ನೆಲೆ ಹೋದಲ್ಲಿ ಮರೆಯಾಗುವುದು ಒಂದೇ ಸ್ವಭಾವದ ಎರಡು ಮುಖ.

ಎರಡನೆಯ ಆಕ್ಷೇಪ ವಿಷದ್ದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಳ್ಳಿಯ ಎಲ್ಲ ಭಾಗಗಳೂ ವಿಷ, ಗೆಡ್ಡೆ ಮತ್ತು ಬೀಜ ಹೆಚ್ಚು ಅಪಾಯಕಾರಿ. ಗೆಣಸೆಂದು ತಿಳಿದು ಗೆಡ್ಡೆ ತಿಂದವರಿಗೆ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ನಿರ್ಜಲತೆ. ಆಮೇಲೆ ಮೂಳೆಮಜ್ಜೆ ಸೊರಗುತ್ತದೆ, ಬದುಕುಳಿದವರ ತಲೆಗೂದಲು ಒಂದೆರಡು ವಾರಗಳಲ್ಲಿ ಉದುರುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಬಳಕೆಯಲ್ಲಿಲ್ಲ. ಶ್ರೀಲಂಕೆಯ ವೈದ್ಯಕೀಯ ಬರಹಗಳಲ್ಲಿ ಇದರಿಂದಾದ ಸಾವುಗಳು ದಾಖಲಾಗಿವೆ. ಆಯುರ್ವೇದವೂ ಇದನ್ನು ಉಪವಿಷಗಳಲ್ಲಿ ಸೇರಿಸಿ, ಗೋಮೂತ್ರದಲ್ಲಿ ಶೋಧಿಸದೆ ಮುಟ್ಟಬಾರದೆಂದು ಹೇಳುತ್ತದೆ. ಗರ್ಭವನ್ನು ಬೀಳಿಸುವ ಗುಣವನ್ನೂ ಎಚ್ಚರಿಕೆಯಾಗಿ ದಾಖಲಿಸಿದೆ. ಮನೆಮದ್ದಾಗಿ ಇದನ್ನು ಯಾರೂ ಬಳಸಕೂಡದು. ಇಷ್ಟನ್ನೆಲ್ಲ ಒಪ್ಪಿದ ಮೇಲೂ ತೋಟದಿಂದ ಹೊರಗಿಡಬೇಕು ಎಂಬ ತೀರ್ಮಾನ ನಿಲ್ಲುವುದಿಲ್ಲ, ಏಕೆಂದರೆ ನಮ್ಮ ತೋಟಗಳು ಬೇರೆ ವಿಷಗಳಿಗೆ ಬಾಗಿಲು ಮುಚ್ಚಿಲ್ಲ. ಕಣಗಿಲೆ ಮಾರಕ ವಿಷ, ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಅದನ್ನು ಸಾಲಾಗಿ ನೆಡುತ್ತೇವೆ. ಹಳದಿ ಕಣಗಿಲೆ ದೇವಸ್ಥಾನದ ಅಂಗಳದಲ್ಲೇ ಇರುತ್ತದೆ. ಅವುಗಳಿಗೂ ಅಗ್ನಿಶಿಖೆಗೂ ಇರುವ ಒಂದು ವ್ಯತ್ಯಾಸವೆಂದರೆ ಇದರ ಗೆಡ್ಡೆಗೆ ತಿನ್ನುವ ಗೆಡ್ಡೆಯ ಹೋಲಿಕೆ ಇದೆ, ಹಾಗಾಗಿ ನಿಯಮವೂ ಅದಕ್ಕೆ ತಕ್ಕಂತಿರಬೇಕು. ತರಕಾರಿ ಮಡಿಯ ಪಕ್ಕ ನೆಡಬಾರದು. ಅಗೆದ ಗೆಡ್ಡೆಯನ್ನು ಅಡುಗೆಮನೆಯೊಳಗೆ ತರಬಾರದು. ಗೆಡ್ಡೆ ಮುಟ್ಟುವಾಗ ಕೈಗವಸು ಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ, ಕೆಂಪು ಬೀಜ ಕಣ್ಸೆಳೆಯುವುದರಿಂದ, ಕಾಯಿ ಬಿರಿಯುವ ಮೊದಲೇ ತೆಗೆದುಬಿಡಬೇಕು. ಅಂಥ ಮನೆಗೆ ಬಳ್ಳಿಯನ್ನೇ ತಾರದಿರುವುದು ಇನ್ನೂ ಒಳ್ಳೆಯದು. ಹಳ್ಳಿಗರು ತಲೆಮಾರುಗಳಿಂದ ಈ ಬಳ್ಳಿಯನ್ನು ಬೇಲಿಯಲ್ಲಿ ಇರಗೊಟ್ಟು ಹೂವನ್ನಷ್ಟೇ ಪೂಜೆಗೆ ಕೊಯ್ದದ್ದು ಅದರ ವಿಷವನ್ನು ಅರಿತೇ. ಅಪಾಯ ಹೆಚ್ಚುವುದು ಆ ಅರಿವು ಕಳೆದುಹೋದಾಗ, ಮತ್ತು ಗಿಡವನ್ನು ನೋಡದೆ ಬೆಳೆದವರಿಗೆ ಅದರ ಗುರುತು ಹತ್ತುವುದಿಲ್ಲ.

ವರಾಛಾದಂಥ ಕಡೆ ತೋಟವೆಂದರೆ ಬಹುಮಟ್ಟಿಗೆ ತಾರಸಿ, ಬಾಲ್ಕನಿ, ಸೊಸೈಟಿಯ ಕಾಂಪೌಂಡು. ಕಾಂಪೌಂಡಿನ ಒಳಬದಿಯ ಎರಡಡಿ ಮಣ್ಣಿನ ಪಟ್ಟಿ ಈ ಬಳ್ಳಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವ ಜಾಗ, ಏಕೆಂದರೆ ಅದು ಬೇಲಿಯ ಸ್ಥಾನದಲ್ಲೇ ಇದೆ. ಅಲ್ಲಿ ನಿಂಬೆ, ಮತ್ತು ಗುಜರಾತಿ ಮನೆಗಳು ಮೀಠೋ ಲೀಮಡೋ ಎನ್ನುವ ಕರಿಬೇವು ಇದ್ದರೆ ನಿಂಬೆ ಚಿಟ್ಟೆ ಅವುಗಳ ಮೇಲೆ ಮೊಟ್ಟೆಯಿಡುತ್ತದೆ. ಹುಳು ತಿಂದ ಎಲೆಗೆ ಔಷಧಿ ಹೊಡೆಯದಿದ್ದರೆ ಹೂವಿಗೆ ಬೇಕಾದ ರೆಕ್ಕೆ ಅಲ್ಲೇ ಸಿದ್ಧವಾಗುತ್ತದೆ. ಕುಂಡದಲ್ಲಾದರೆ ಒಂದಡಿ ಆಳ, ಮರಳು ಬೆರೆಸಿದ ಮಣ್ಣು, ತಳದಲ್ಲಿ ನೀರು ಹೋಗಲು ತೂತು ಬೇಕು. ಗೆಡ್ಡೆಯನ್ನು ತುದಿ ಮುರಿಯದಂತೆ ಅಡ್ಡಲಾಗಿ, ಎರಡು ಮೂರು ಅಂಗುಲ ಆಳದಲ್ಲಿ ಮಲಗಿಸಬೇಕು. ಎಲೆಸುರುಳಿ ದಪ್ಪ ಕಂಬವನ್ನು ಹಿಡಿಯಲಾರದು, ತೆಳ್ಳನೆಯ ಕಡ್ಡಿಯೋ ಬಲೆಯೋ ಆಸರೆಯಾಗಬೇಕು. ನಗರದ ಕೈತೋಟಗಳಲ್ಲಿ ಈ ಬಳ್ಳಿ ಸಾಯುವುದು ಹೆಚ್ಚಾಗಿ ಪ್ರೀತಿಯಿಂದ ಹಾಕಿದ ನೀರಿನಿಂದ. ನವೆಂಬರಿನಲ್ಲಿ ಒಣಗಿದ ಬಳ್ಳಿ ಸತ್ತಿತೆಂದು ಕುಂಡ ಬರಿದು ಮಾಡುತ್ತಾರೆ, ಇಲ್ಲವೆ ಬದುಕಿಸಲು ದಿನವೂ ನೀರುಣಿಸಿ ಗೆಡ್ಡೆಯನ್ನು ಕೊಳೆಸುತ್ತಾರೆ. ಮುಂದಿನ ಮಳೆಯವರೆಗೆ ಅದನ್ನು ಒಣಗಿರಲು ಬಿಡುವುದೇ ಆರೈಕೆ. ವರಾಛಾದಿಂದ ಕಾಮರೇಜ್ ಕಡೆಗೆ ಹೋಗುವ ದಾರಿಯಲ್ಲಿರುವ ಸರಥಾಣಾ ನಿಸರ್ಗ ಉದ್ಯಾನದಂಥ ಸಾರ್ವಜನಿಕ ಜಾಗಗಳಲ್ಲಿ, ಗಿಡದ ಪಕ್ಕ ವಿಷದ ಎಚ್ಚರಿಕೆಯ ಫಲಕದೊಡನೆ, ಇಂಥದೊಂದು ಜೀವಂತ ಬೇಲಿಯನ್ನು ಬೆಳೆಸಿದರೆ ಗುರುತು ಮತ್ತು ಎಚ್ಚರ ಎರಡನ್ನೂ ಒಟ್ಟಿಗೆ ಕಲಿಸಬಹುದು. ವರಾಛಾದಲ್ಲಿ ನೆಲೆಸಿದವರಲ್ಲಿ ಸೌರಾಷ್ಟ್ರ ಮೂಲದವರೇ ಬಹಳ. ಆ ಸೌರಾಷ್ಟ್ರದ ಬರಡಾ ಗುಡ್ಡಗಳ ಸಸ್ಯಗಳ ಬಗ್ಗೆ ಜಯಕೃಷ್ಣ ಇಂದ್ರಜಿ ಠಾಕರ್ ಜನರ ಮಾತಿನಲ್ಲೇ, ಗುಜರಾತಿಯಲ್ಲಿ, 1910ರಷ್ಟು ಹಿಂದೆಯೇ ದೊಡ್ಡ ಗ್ರಂಥ ಬರೆದರು. ಕಾಡುಗಿಡದ ಅರಿವನ್ನು ಊರಿನವರಿಗೆ ಮುಟ್ಟಿಸುವ ಅಂಥ ಪರಂಪರೆ ಇರುವ ಕಡೆ ಇದು ಹೊಸ ಬೇಡಿಕೆಯೇನೂ ಅಲ್ಲ.

ತೋಟದಲ್ಲಿ ಬೆಳೆಸಿದರೆ ಪ್ರಕೃತಿ ಉಳಿದಂತಾಯಿತೇ, ಅದು ಕಾಡಿನಿಂದ ಇನ್ನಷ್ಟು ಗೆಡ್ಡೆ ಕೀಳಲು ನೆಪವಾಗುವುದಿಲ್ಲವೇ ಎಂಬುದು ಕೊನೆಯ ಆಕ್ಷೇಪ, ಮತ್ತು ಮೂರರಲ್ಲಿ ಹೆಚ್ಚು ತೂಕದ್ದು. ನಗರದ ಬೇಡಿಕೆ ಗೆಡ್ಡೆಯ ವ್ಯಾಪಾರಕ್ಕೆ ಇಂಬು ಕೊಟ್ಟರೆ ಡಾಂಗ್‌ನ ಅಂಚುಗಳು ಬೇಗ ಬರಿದಾಗುತ್ತವೆ. ಒಂದು ಗೆಡ್ಡೆ ಕಿತ್ತರೆ ಹೋಗುವುದು ಮೂರ್ನಾಲ್ಕು ವರ್ಷದ ಬೆಳವಣಿಗೆ. ಒಂದು ಕಾಯಿಯ ಬೀಜ ತಂದರೆ ತಾಯಿಬಳ್ಳಿ ಅಲ್ಲೇ ಇರುತ್ತದೆ. ಹೀಗಾಗಿ ತೋಟಕ್ಕೆ ಬೀಜದಿಂದ ಬಂದ ಸಸಿಯೇ ಸರಿ. ಬೀಜ ಒಮ್ಮೆಲೇ ಮೊಳೆಯುವುದಿಲ್ಲ, ಕೆಲವಕ್ಕೆ ತಿಂಗಳುಗಳೇ ಬೇಕು, ಬಿಡಿ ಮನೆಯವರಿಗೆ ಅಷ್ಟು ಕಾಯುವ ವ್ಯವಧಾನ ಇರಲಾರದು. ಆ ಕೆಲಸ ಸಂಸ್ಥೆಗಳದ್ದು. ವಘಾಯಿಯಲ್ಲಿ 1966ರಲ್ಲಿ ಆರಂಭವಾದ 24 ಹೆಕ್ಟೇರ್‌ನ ಸಸ್ಯೋದ್ಯಾನ ಡಾಂಗ್ ಕಾಡಿನ ಬಾಗಿಲಲ್ಲೇ ಇದೆ. ಅಲ್ಲಿನ ಬೀಜವನ್ನು ಮಡಿ ಹಾಕಿ, ಎರಡು ವರ್ಷ ಬೆಳೆಸಿದ ಗೆಡ್ಡೆಯನ್ನು ಜೂನ್ ಮೊದಲ ವಾರದಲ್ಲಿ ಸೂರತ್ತಿನ ಕೈತೋಟಗಳಿಗೆ ಕೊಡುವುದು ಅಸಾಧ್ಯವಾದ ಮಾತಲ್ಲ. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಗಳೂ ಇದನ್ನು ಮಾಡಬಲ್ಲವು. ಬೀಜ ಆಯಾ ಸೀಮೆಯದ್ದೇ ಆಗಿರಬೇಕೆಂಬುದೂ ಮುಖ್ಯ, ಏಕೆಂದರೆ ಅಲಂಕಾರಕ್ಕೆಂದು ಮಾರುಕಟ್ಟೆಯಲ್ಲಿ ಸಿಗುವ ರಾಥ್‌ಶೀಲ್ಡಿಯಾನ ಎಂಬ ಅಗಲ ದಳದ ತಳಿಯ ಮೂಲ ಆಫ್ರಿಕ. ಕಾಡಿನಿಂದ ದೂರದ ತಾರಸಿಯಲ್ಲಿ ಅದು ಇದ್ದರೆ ಅಡ್ಡಿಯಿಲ್ಲ, ಡಾಂಗ್‌ನ ಹಳ್ಳಿಯ ಬೇಲಿಗೆ ಅಥವಾ ಮಲೆನಾಡಿನ ತೋಟದಂಚಿಗೆ ಅದನ್ನು ಒಯ್ಯಬಾರದು. ಬೇಲಿಯ ಮಟ್ಟಿಗೆ ಹೇಳುವುದಾದರೆ, ಪಂಚಾಯತಿಗಳು ರಸ್ತೆಬದಿಯ ಪೊದೆಗಳನ್ನು ಸವರುವ ಕೆಲಸವನ್ನು ಆಗಸ್ಟ್ ಸೆಪ್ಟೆಂಬರಿನಿಂದ ಡಿಸೆಂಬರಿಗೆ ಮುಂದೂಡಿದರೆ ಸಾಕು, ಆ ಹೊತ್ತಿಗೆ ಬೀಜ ಉದುರಿರುತ್ತದೆ, ಹೊಸ ಗೆಡ್ಡೆ ಮಣ್ಣೊಳಗೆ ಬಲಿತಿರುತ್ತದೆ, ಕತ್ತಿಗೆ ಸಿಗುವುದು ಒಣ ಕಾಂಡ ಮಾತ್ರ.